ಗಡ್ಡೆಯ ಅಂಚಿನಲ್ಲಿ ಯಾರಿದ್ದಾರೆ?

1985ರ ಜುಲೈ 13, ಶನಿವಾರ. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ತಮ್ಮ ಅಧಿಕಾರವನ್ನು ಕೆಲವು ಗಂಟೆಗಳ ಮಟ್ಟಿಗೆ ಉಪಾಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಬರೆದುಕೊಟ್ಟು, ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಆಪರೇಷನ್ ಟೇಬಲ್ ಹತ್ತಿದರು. ಆಗ ಅವರಿಗೆ 74 ವರ್ಷ. ಸರ್ಜನ್ನರು ದೊಡ್ಡ ಕರುಳಿನ ಬಲಭಾಗದಲ್ಲಿ ಎರಡು ಅಡಿಯಷ್ಟನ್ನು ಕತ್ತರಿಸಿ ತೆಗೆದರು. ಸೋಮವಾರ ಲ್ಯಾಬಿನ ಫಲಿತಾಂಶ ಹೊರಬಿತ್ತು. ಕ್ಯಾನ್ಸರ್ ಹೌದು. ಕರುಳಿನ ಸ್ನಾಯುಪದರದವರೆಗೆ ಇಳಿದಿದೆ, ಆದರೆ ಪಕ್ಕದ ದುಗ್ಧಗ್ರಂಥಿಗಳಿಗೆ ದಾಟಿಲ್ಲ. ಆ ವಾರದ ಪತ್ರಿಕೆಗಳಲ್ಲೆಲ್ಲ ಒಂದೇ ಅಕ್ಷರ ಓಡಾಡಿತು: ‘ಬಿ’. ಡ್ಯೂಕ್ಸ್ ಬಿ. ಅಧ್ಯಕ್ಷರ ದೇಹದಲ್ಲಿ ಇನ್ನು ಕ್ಯಾನ್ಸರೇ ಉಳಿದಿಲ್ಲದಿರುವ ಸಾಧ್ಯತೆ ಶೇ. 50ಕ್ಕಿಂತ ಹೆಚ್ಚು ಎಂದರು ವೈದ್ಯರು. ರೇಗನ್ ಆಮೇಲೆ ಹತ್ತೊಂಬತ್ತು ವರ್ಷ ಬದುಕಿ, 93ನೇ ವಯಸ್ಸಿನಲ್ಲಿ ಬೇರೆ ಕಾಯಿಲೆಯಿಂದ ತೀರಿಕೊಂಡರು.

ಒಬ್ಬ ಮನುಷ್ಯನ ಮುಂದಿನ ವರ್ಷಗಳನ್ನು ಒಂದು ಅಕ್ಷರದಲ್ಲಿ ಹಿಡಿದಿಡಬಹುದೇ? ಹಾಗೆ ಹಿಡಿಯಲು ಹೊರಟವರ ಕಥೆಯನ್ನು ಹಿಂಬಾಲಿಸಿದರೆ ಸಿಗುವುದು ವೈದ್ಯವಿಜ್ಞಾನದ ಅತಿ ರೋಚಕ ಪತ್ತೇದಾರಿಕೆಗಳಲ್ಲಿ ಒಂದು. ಅದು ಲಂಡನ್ನಿನಲ್ಲಿ ಶುರುವಾಗಿ, ಪ್ಯಾರಿಸ್ಸಿನಲ್ಲಿ ತಲೆಕೆಳಗಾಗಿ, ಕೊನೆಗೆ ಯಾರೂ ಊಹಿಸದ ಜಾಗಕ್ಕೆ ಬಂದು ನಿಲ್ಲುತ್ತದೆ!

ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ 1835ರಿಂದ ಕರುಳು, ಗುದನಾಳದ ಕಾಯಿಲೆಗಳಿಗೆಂದೇ ಮೀಸಲಾದದ್ದು. 1922ರಲ್ಲಿ ಅಲ್ಲಿಗೆ ಮೊದಲ ಪೆಥಾಲಜಿಸ್ಟ್ ಆಗಿ ಬಂದವರು ಕತ್‌ಬರ್ಟ್ ಎಸ್ಕ್ವೈರ್ ಡ್ಯೂಕ್ಸ್. (ಎಸ್ಕ್ವೈರ್ ಎಂಬುದು ಬಿರುದಲ್ಲ, ಅವರಿಗಿಟ್ಟ ಹೆಸರಿನದೇ ಭಾಗ.) ಸರ್ಜನ್ನರು ತೆಗೆದುಕೊಟ್ಟ ಗುದನಾಳದ ಒಂದೊಂದು ತುಂಡನ್ನೂ ಡ್ಯೂಕ್ಸ್ ಬಿಡಿಸಿದರು, ಗಡ್ಡೆ ಎಲ್ಲಿಯವರೆಗೆ ಇಳಿದಿದೆ, ಯಾವ ಗ್ರಂಥಿಗೆ ಹೊಕ್ಕಿದೆ ಎಂದು ಗುರುತಿಸಿದರು, ಆಮೇಲೆ ಆ ರೋಗಿ ಏನಾದರು ಎಂದು ವರ್ಷಗಟ್ಟಲೆ ಜಾಡು ಹಿಡಿದರು. 1932ರಲ್ಲಿ ಅವರು ಪ್ರಕಟಿಸಿದ ವಿಂಗಡಣೆಯಲ್ಲಿ ಮೂರೇ ಮನೆಗಳು. ಗಡ್ಡೆ ಗೋಡೆಯೊಳಗೇ ಇದ್ದರೆ ಎ. ಗೋಡೆ ತೂರಿ ಹೊರಬಂದಿದ್ದು, ಗ್ರಂಥಿಗಳು ಶುದ್ಧವಾಗಿದ್ದರೆ ಬಿ. ಗ್ರಂಥಿಗೂ ಹೊಕ್ಕಿದ್ದರೆ ಸಿ. ಎಷ್ಟು ಸರಳ! ಗಡ್ಡೆ ಎಷ್ಟು ದಪ್ಪ ಎಂಬುದಕ್ಕಿಂತ ಅದು ಎಷ್ಟು ದೂರ ನಡೆದಿದೆ ಎಂಬುದೇ ಮುಖ್ಯ ಎಂದು ತೋರಿಸಿಕೊಟ್ಟ ಪಟ್ಟಿ ಅದು.

ಇಲ್ಲೊಂದು ತಮಾಷೆ. ಡ್ಯೂಕ್ಸರ ಮೂಲ ಪಟ್ಟಿಗೆ ಹಾಕಿದರೆ ರೇಗನ್ನರ ಗಡ್ಡೆ ‘ಎ’, ಏಕೆಂದರೆ ಅದು ಗೋಡೆ ದಾಟಿರಲಿಲ್ಲ. ಆದರೆ ಅಮೆರಿಕದಲ್ಲಿ ಆಸ್ಟ್ಲರ್ ಮತ್ತು ಕಾಲರ್ ಎಂಬ ಇಬ್ಬರು 1954ರಲ್ಲಿ ಪಟ್ಟಿಯನ್ನು ತಿದ್ದಿ, ಸ್ನಾಯುಪದರ ಮುಟ್ಟಿದ್ದನ್ನೂ ‘ಬಿ’ಗೆ ಸೇರಿಸಿದ್ದರು. ಒಂದೇ ಕರುಳು, ಅಟ್ಲಾಂಟಿಕ್ ದಾಟಿದರೆ ಬೇರೆ ಅಕ್ಷರ. ಇಂಥ ಗೊಂದಲ ಹೆಚ್ಚಿದ್ದರಿಂದಲೇ ಫ್ರಾನ್ಸಿನ ಪಿಯರ್ ದೆನ್ವಾ 1940ರ ದಶಕದಲ್ಲಿ ರೂಪಿಸತೊಡಗಿದ ‘ಟಿ, ಎನ್, ಎಂ’ ಪದ್ಧತಿ ನೆಲೆಯೂರಿತು. ಗಡ್ಡೆ ಎಷ್ಟು ಆಳ, ಗ್ರಂಥಿ ಎಷ್ಟು, ದೂರದ ಅಂಗಗಳಿಗೆ ಹೋಗಿದೆಯೇ ಎಂಬ ಮೂರು ಪ್ರಶ್ನೆ. ಇವತ್ತು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬರೆದ ರಿಪೋರ್ಟನ್ನು ಟೋಕಿಯೊದ ವೈದ್ಯರು ತಡವರಿಸದೆ ಓದಬಲ್ಲರು.

ಈ ಮೂರರಲ್ಲಿ ನಡುವಿನದ್ದೇ, ಗ್ರಂಥಿಗಳ ಲೆಕ್ಕವೇ, ಮುಂದೆ ಒಗಟಾಗಿ ಕಾಡಿತು. ಅದು ಅರ್ಥವಾಗಬೇಕಾದರೆ ಪೆಥಾಲಜಿ ವಿಭಾಗದ ಗ್ರಾಸಿಂಗ್ ಟೇಬಲ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

ಥಿಯೇಟರಿನಿಂದ ಬಂದ ಕರುಳಿನ ತುಂಡು ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾಗಿರುತ್ತದೆ. ಬಣ್ಣ ಬೂದುಗೆಂಪು, ವಾಸನೆ ಕಣ್ಣು ಉರಿಸುವಂಥದ್ದು. ಅದಕ್ಕೆ ಅಂಟಿಕೊಂಡ ಹಳದಿ ಕೊಬ್ಬಿನೊಳಗೆ ಗ್ರಂಥಿಗಳು ಅಡಗಿರುತ್ತವೆ. ಅವುಗಳನ್ನು ಹುಡುಕುವ ಕೆಲಸ ಹೆಚ್ಚಾಗಿ ಪಿಜಿ ಮಾಡುತ್ತಿರುವ ಕಿರಿಯ ವೈದ್ಯರ ಪಾಲಿಗೆ. ಕೊಬ್ಬನ್ನು ತೆಳ್ಳಗೆ ಸೀಳುತ್ತಾ, ಒಂದೊಂದು ಸೀಳನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ನೋಡಬೇಕು. ಕೊಬ್ಬು ಬೆರಳಿಗೆ ಸಿಗದೆ ಜಾರುತ್ತದೆ, ಗ್ರಂಥಿಯಾದರೆ ತಡೆಯುತ್ತದೆ. ಕೆಲವು ಅವರೆಕಾಳಿನಷ್ಟು, ಕೆಲವು ಸಾಸಿವೆಯಷ್ಟು. ಚಿಕ್ಕದೆಂದು ಬಿಡುವಂತಿಲ್ಲ, ಕ್ಯಾನ್ಸರ್ ಹೊಕ್ಕ ಗ್ರಂಥಿಗಳಲ್ಲಿ ಎಷ್ಟೋ 5 ಮಿಲಿಮೀಟರಿಗಿಂತ ಸಣ್ಣವು. ಸಿಕ್ಕಿದ್ದನ್ನೆಲ್ಲ ಕ್ಯಾಸೆಟ್ಟಿಗೆ ಹಾಕಿ, ಮೇಣದಲ್ಲಿ ಕೂರಿಸಿ, ಕೂದಲೆಳೆಗಿಂತ ತೆಳುವಾಗಿ ಕೊಯ್ದು, ಬಣ್ಣ ಕಟ್ಟಿ, ಸ್ಲೈಡ್ ಮಾಡಿ ನೋಡಬೇಕು. ರಿಪೋರ್ಟಿನಲ್ಲಿ ‘0/18’ ಎಂದಿದ್ದರೆ ಹದಿನೆಂಟು ಗ್ರಂಥಿ ನೋಡಿದೆವು, ಒಂದರಲ್ಲೂ ಕ್ಯಾನ್ಸರ್ ಇಲ್ಲ ಎಂದರ್ಥ. ಆ ಓರೆಗೆರೆಯ ಹಿಂದೆ ಯಾರದೋ ಬೆರಳ ತುದಿಯ ತಾಳ್ಮೆ ಇದೆ.

ಕನಿಷ್ಠ ಎಷ್ಟು ಸಿಗಬೇಕು? ಹನ್ನೆರಡು ಎಂದು 1990ರಲ್ಲಿ ಸಿಡ್ನಿಯಲ್ಲಿ ನಡೆದ ಜಾಗತಿಕ ಸಮ್ಮೇಳನದ ತಜ್ಞರ ತಂಡ ಶಿಫಾರಸು ಮಾಡಿತು. ಆ ಸಂಖ್ಯೆ ಇವತ್ತಿಗೂ ನಿಂತಿದೆ.

ಈಗ ಒಗಟು. ಯಾರ ಗ್ರಂಥಿಗಳಲ್ಲೂ ಕ್ಯಾನ್ಸರ್ ಸಿಗದ ರೋಗಿಗಳನ್ನೇ ತೆಗೆದುಕೊಳ್ಳಿ. ಅವರಲ್ಲಿ, ಹೆಚ್ಚು ಗ್ರಂಥಿ ಲೆಕ್ಕಕ್ಕೆ ಸಿಕ್ಕವರು ಕಡಿಮೆ ಸಿಕ್ಕವರಿಗಿಂತ ಹೆಚ್ಚು ಕಾಲ ಬದುಕುತ್ತಿದ್ದರು! 2007ರಲ್ಲಿ 17 ಅಧ್ಯಯನಗಳ 61,371 ರೋಗಿಗಳನ್ನು ಒಟ್ಟಿಗೆ ನೋಡಿದಾಗಲೂ ಇದೇ ಕಂಡಿತು. ಸ್ಲೈಡ್ ನೋಡುವವರ ಎಣಿಕೆಗೂ ಮನೆಗೆ ಹೋದ ರೋಗಿಯ ಆಯುಸ್ಸಿಗೂ ಎತ್ತಣಿಂದೆತ್ತ ಸಂಬಂಧ?

ಮೊದಲ ಉತ್ತರ ಸುಲಭದ್ದು. ಸರಿಯಾಗಿ ಹುಡುಕದಿದ್ದರೆ ಕ್ಯಾನ್ಸರ್ ಇರುವ ಗ್ರಂಥಿ ತಪ್ಪಿಹೋಗುತ್ತದೆ, ಗ್ರಂಥಿಗೆ ಕ್ಯಾನ್ಸರ್ ಹೊಕ್ಕ ಮೂರನೇ ಹಂತದ ರೋಗಿಗೆ, ಹೊಕ್ಕಿಲ್ಲದ ಎರಡನೇ ಹಂತದ ಚೀಟಿ ಅಂಟುತ್ತದೆ, ಬೇಕಿದ್ದ ಕಿಮೋ ಸಿಗುವುದಿಲ್ಲ. ಇದರ ಜೊತೆಗೆ ಅಂಕಿಅಂಶಗಳ ಒಂದು ಕಣ್ಕಟ್ಟೂ ಇದೆ. ಓಕ್ಲಹೋಮಾದ ಜನ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದಾಗ ಎರಡೂ ರಾಜ್ಯಗಳ ಸರಾಸರಿ ಬುದ್ಧಿಮಟ್ಟ ಏರಿತು ಎಂದು ಹಾಸ್ಯಗಾರ ವಿಲ್ ರೋಜರ್ಸ್ ಚಟಾಕಿ ಹಾರಿಸಿದ್ದರಂತೆ. 1985ರಲ್ಲಿ ಆಲ್ವನ್ ಫೈನ್‌ಸ್ಟೈನ್ ಮತ್ತು ಸಂಗಡಿಗರು ಕ್ಯಾನ್ಸರ್ ಲೆಕ್ಕಗಳಲ್ಲಿ ಇದೇ ನಡೆಯುತ್ತದೆ ಎಂದು ತೋರಿಸಿದರು. ಚೆನ್ನಾಗಿ ಹುಡುಕಿದಾಗ ಎರಡನೇ ಹಂತದ ಅತಿ ದುರ್ಬಲರು ಮೂರಕ್ಕೆ ಹೋಗುತ್ತಾರೆ. ಎರಡರ ಸರಾಸರಿ ಏರುತ್ತದೆ. ಹೋದವರು ಮೂರನೇ ಹಂತದ ಉಳಿದವರಿಗಿಂತ ಗಟ್ಟಿಯಾದ್ದರಿಂದ ಅಲ್ಲಿಯ ಸರಾಸರಿಯೂ ಏರುತ್ತದೆ. ಒಬ್ಬನೇ ಒಬ್ಬ ಒಂದು ದಿನವೂ ಹೆಚ್ಚು ಬದುಕದೆ ಎರಡೂ ಕಡೆ ಫಲಿತಾಂಶ ಸುಧಾರಿಸಿಬಿಡುತ್ತದೆ.

ಒಗಟು ಬಿಡಿಸಿದಂತಾಯಿತೆಂದು ಎಲ್ಲರೂ ಅಂದುಕೊಂಡರು. ಆದರೆ 2011ರಲ್ಲಿ ಅಮೆರಿಕದ ದೊಡ್ಡ ಲೆಕ್ಕವೊಂದು ಹೊರಬಂತು. 1988ರ ಸುಮಾರಿಗೆ ಹನ್ನೆರಡು ಅಥವಾ ಹೆಚ್ಚು ಗ್ರಂಥಿ ಪರೀಕ್ಷೆಯಾಗುತ್ತಿದ್ದುದು ಶೇ. 34.6 ರೋಗಿಗಳಲ್ಲಿ, ಎರಡು ದಶಕಗಳಲ್ಲಿ ಅದು ಶೇ. 73.6ಕ್ಕೆ ಜಿಗಿದಿತ್ತು. ಹುಡುಕಾಟ ಎರಡು ಪಟ್ಟಾದರೆ ಕ್ಯಾನ್ಸರ್ ಇರುವ ಗ್ರಂಥಿಯ ರೋಗಿಗಳೂ ಹೆಚ್ಚಬೇಕಲ್ಲ? ಅವರ ಪ್ರಮಾಣ ಶೇ. 40ರಿಂದ 42ಕ್ಕೆ ಏರಿತ್ತು, ಅಷ್ಟೇ. ಅಂದರೆ ತಪ್ಪಿಹೋದ ಗ್ರಂಥಿಗಳ ಕಥೆ ಸಾಕಾಗುವುದಿಲ್ಲ. ಇನ್ನೇನೋ ಇದೆ. ಸಂಶೋಧಕರು ಮುಂದಿಟ್ಟ ಒಂದು ವಿವರಣೆ ಮೈ ಜುಮ್ಮೆನ್ನಿಸುವಂಥದ್ದು. ಸುಲಭವಾಗಿ ಬೆರಳಿಗೆ ಸಿಗುವ ಗ್ರಂಥಿ ಯಾವುದು? ಊದಿಕೊಂಡದ್ದು. ಏಕೆ ಊದಿಕೊಂಡಿತು? ಕ್ಯಾನ್ಸರ್ ವಿರುದ್ಧ ದೇಹ ಎದ್ದು ನಿಂತದ್ದರಿಂದ. ನಾವು ಎಣಿಸುತ್ತಿದ್ದುದು ಗ್ರಂಥಿಗಳನ್ನಲ್ಲ, ರೋಗಿಯ ದೇಹದ ಹೋರಾಟವನ್ನು!

ಅಷ್ಟರಲ್ಲಾಗಲೇ ಪ್ಯಾರಿಸ್ಸಿನಲ್ಲಿ ಜೆರೋಮ್ ಗಲೋಂ ಮತ್ತು ಫ್ರಾಂಕ್ ಪಾಜೆಸ್ ನೇರವಾಗಿ ಗಡ್ಡೆಯೊಳಕ್ಕೇ ಇಣುಕಿದ್ದರು. ಅಲ್ಲಿ ಆಪರೇಷನ್ ಆದ 959 ಕರುಳಿನ ಗಡ್ಡೆಗಳನ್ನು ಪರಿಶೀಲಿಸಿ 2005ರಲ್ಲೊಂದು ಪ್ರಬಂಧ, 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು. ಅಲ್ಲಿಯವರೆಗೆ ಎಲ್ಲರೂ ಕೇಳುತ್ತಿದ್ದುದು ಗಡ್ಡೆ ಎಲ್ಲಿಗೆ ಹೋಗಿದೆ ಎಂದು. ಇವರು ಕೇಳಿದ್ದು, ಗಡ್ಡೆಯ ಬಳಿಗೆ ಬಂದವರು ಯಾರು ಎಂದು. ದೇಹದ ಕಾವಲಿನ ಟಿ ಕೋಶಗಳು ಗಡ್ಡೆಯ ನಡುವಿನಲ್ಲಿ ಎಷ್ಟಿವೆ, ಗಡ್ಡೆ ಆರೋಗ್ಯವಂತ ಅಂಗಾಂಶಕ್ಕೆ ನುಗ್ಗುತ್ತಿರುವ ಅಂಚಿನಲ್ಲಿ ಎಷ್ಟಿವೆ ಎಂದು ಎಣಿಸಿದರು.

ಉತ್ತರ ದಂಗುಬಡಿಸಿತು. ಎರಡೂ ಕಡೆ ಟಿ ಕೋಶಗಳು ಕಿಕ್ಕಿರಿದಿದ್ದವರು ಹಂತ ಮುಂದುವರಿದಿದ್ದರೂ ಚೆನ್ನಾಗಿ ಬದುಕಿದರು. ಎರಡೂ ಕಡೆ ಖಾಲಿ ಇದ್ದವರ ಪಾಡು, ಗಡ್ಡೆ ಇನ್ನೂ ಮೇಲುಮೇಲಿನ ಪದರದಲ್ಲೇ ಇದ್ದರೂ, ಬೇರೆ ಅಂಗಗಳಿಗೆ ಹರಡಿದವರ ಪಾಡಿನಂತೆಯೇ ಇತ್ತು. ಎಪ್ಪತ್ತು ವರ್ಷ ನಂಬಿಕೊಂಡು ಬಂದ ಎ, ಬಿ, ಸಿ ಅರ್ಧ ಚಿತ್ರ ಮಾತ್ರ. ಮಿಕ್ಕ ಅರ್ಧ ಅದೇ ಸ್ಲೈಡಿನಲ್ಲಿ, ಅದೇ ಗಡ್ಡೆಯ ಅಂಚಿನಲ್ಲಿ ಕೂತಿತ್ತು. ಪೆಥಾಲಜಿಸ್ಟರು ಅದನ್ನು ಕಂಡಿರಲಿಲ್ಲವೆಂದಲ್ಲ. ಗಡ್ಡೆಯ ಸುತ್ತ ನೇರಳೆ ಚುಕ್ಕೆಗಳು ಮುತ್ತಿರುವುದನ್ನು ಹಿಂದಿನ ತಲೆಮಾರಿನವರೂ ಬರೆದಿಟ್ಟಿದ್ದರು. ಎಣಿಸಿ ತೂಗಿ ನೋಡುವ ಹಟ ಬೇಕಿತ್ತು.

ಆ ಎಣಿಕೆಯೇ ಈಗ ‘ಇಮ್ಯುನೊಸ್ಕೋರ್’. ಗಡ್ಡೆಯ ಅಕ್ಕಪಕ್ಕದ ಎರಡು ಕೊಯ್ತಗಳನ್ನು ತೆಗೆದುಕೊಂಡು, ಒಂದರಲ್ಲಿ ಸಿಡಿ3 ಎಂಬ ಗುರುತಿರುವ ಟಿ ಕೋಶಗಳಿಗೂ ಇನ್ನೊಂದರಲ್ಲಿ ಸಿಡಿ8 ಗುರುತಿರುವವಕ್ಕೂ ಬಣ್ಣ ಹತ್ತಿಸುತ್ತಾರೆ. ಸ್ಕ್ಯಾನರ್ ಸ್ಲೈಡನ್ನು ಓದಿಕೊಳ್ಳುತ್ತದೆ, ಕಂಪ್ಯೂಟರ್ ಚದರ ಮಿಲಿಮೀಟರಿಗೆ ಎಷ್ಟು ಎಂದು ಲೆಕ್ಕ ಒಪ್ಪಿಸುತ್ತದೆ. 13 ದೇಶಗಳ ಕೇಂದ್ರಗಳು ಕೂಡಿ ಇದನ್ನು ಒರೆಗೆ ಹಚ್ಚಿದವು, ಅವುಗಳಲ್ಲಿ ನಮ್ಮ ಅಹಮದಾಬಾದಿನ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ ಒಂದು. 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ 2,681 ರೋಗಿಗಳ ಫಲಿತಾಂಶ ಬಂತು. ರೋಗಿಗಳನ್ನು ವಿಂಗಡಿಸಿದ್ದ ಗುಂಪುಗಳಲ್ಲಿ ಮೊದಲನೆಯದರಲ್ಲಿ, ಸ್ಕೋರ್ ಹೆಚ್ಚಿದ್ದವರ ಪೈಕಿ ಐದು ವರ್ಷಗಳೊಳಗೆ ರೋಗ ಮರುಕಳಿಸಿದ್ದು ಶೇ. 8 ಮಂದಿಗೆ, ನಡುವಿನವರಲ್ಲಿ ಶೇ. 19, ಕಡಿಮೆ ಇದ್ದವರಲ್ಲಿ ಶೇ. 32. ನಾಲ್ಕು ಪಟ್ಟು ವ್ಯತ್ಯಾಸ!

ಈ ಕನ್ನಡಕ ಹಾಕಿಕೊಂಡ ಮೇಲೆ ಹಳೆಯ ಇನ್ನೊಂದು ವಿಚಿತ್ರವೂ ಹೊಳೆಯುತ್ತದೆ. ಕೆಲವು ಗಡ್ಡೆಗಳು ನೋಡಲು ಭಯಂಕರ. ಹೆಚ್ಚಾಗಿ ಬಲಗಡೆಯ ಕರುಳಿನಲ್ಲಿ, ಗಾತ್ರದಲ್ಲಿ ದೊಡ್ಡವಾಗಿ, ಕೋಶಗಳ ಅಚ್ಚುಕಟ್ಟೆಲ್ಲ ಕೆಟ್ಟುಹೋಗಿರುತ್ತವೆ. ಹಳೆಯ ಪಾಠದ ಪ್ರಕಾರ ಇವು ಬೇಗ ಕೊಲ್ಲಬೇಕು. ಆದರೆ ಎರಡನೇ ಹಂತದಲ್ಲೇ ಸಿಕ್ಕರೆ ಇವುಗಳ ರೋಗಿಗಳೇ ಮಿಕ್ಕವರಿಗಿಂತ ಚೆನ್ನಾಗಿರುತ್ತಾರೆ. ಕೋಶ ಒಡೆಯುವಾಗ ಡಿಎನ್‌ಎ ನಕಲಿನ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಇಂಥ ಗಡ್ಡೆಗಳಲ್ಲಿ ಕೆಟ್ಟಿರುತ್ತದೆ. ತಪ್ಪುಗಳು ಸಾವಿರಗಟ್ಟಲೆ ಪೇರಿಕೊಂಡು, ಗಡ್ಡೆ ಎಷ್ಟು ವಿಕಾರವಾಗುತ್ತದೆಂದರೆ ಟಿ ಕೋಶಗಳಿಗೆ ಅದು ಪರಕೀಯ ಎಂದು ಸಲೀಸಾಗಿ ಗೊತ್ತಾಗಿಬಿಡುತ್ತದೆ. ಅದರ ಕೆಡುಕೇ ಅದನ್ನು ಹಿಡಿದುಕೊಡುತ್ತದೆ. ಕರುಳಿನ ಗಡ್ಡೆಗಳಲ್ಲಿ ಸುಮಾರು ಶೇ. 15 ಈ ಜಾತಿಯವು.

ಇವುಗಳಲ್ಲಿ ಕೆಲವು ಆನುವಂಶಿಕ. 1895ರಲ್ಲಿ ಮಿಷಿಗನ್ನಿನ ಆನ್ ಆರ್ಬರಿನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಹೆಂಗಸೊಬ್ಬಳು, ತಮ್ಮ ಮನೆತನದವರೆಲ್ಲ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರಿನಿಂದ ಹೋಗುತ್ತಾರೆ, ತಾನೂ ಹಾಗೇ ಹೋಗುತ್ತೇನೆ ಎಂದು ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ತಿನ್ ಬಳಿ ಹೇಳಿಕೊಂಡಳು. ವಾರ್ತಿನ್ ನಕ್ಕು ಕಳಿಸಲಿಲ್ಲ, ವಂಶವೃಕ್ಷ ಬರೆಯಲು ಕೂತರು. 1913ರಲ್ಲಿ ಪ್ರಕಟಿಸಿದರು. ಆಕೆ ಹೇಳಿದಂತೆಯೇ ಆಯಿತು. ಅದೇ ಮನೆತನದ ಕೆಟ್ಟ ಜೀನ್ ಪತ್ತೆಯಾಗುವ ಹೊತ್ತಿಗೆ ಇಪ್ಪತ್ತನೇ ಶತಮಾನ ಮುಗಿಯುತ್ತ ಬಂದಿತ್ತು. ವೈದ್ಯ ಹೆನ್ರಿ ಲಿಂಚ್ ಹೆಸರಿನಿಂದ ಇವತ್ತು ಕರೆಯುವ ಈ ಸ್ಥಿತಿಯನ್ನು ಗಡ್ಡೆಯ ಮೇಲಿನ ಬಣ್ಣದ ಪರೀಕ್ಷೆಯಿಂದಲೇ ಶಂಕಿಸಬಹುದು. ರಿಪೋರ್ಟಿನಲ್ಲಿ ‘ಎಂಎಂಆರ್’ (ಡಿಎನ್‌ಎ ತಪ್ಪು ತಿದ್ದುವ ಆ ವ್ಯವಸ್ಥೆ) ಎಂಬ ಸಾಲು ಇದೆಯೇ ಎಂದು ಕೇಳಿ ನೋಡುವುದು ರೋಗಿಗೆ ಮಾತ್ರವಲ್ಲ, ಅವರ ಅಣ್ಣತಮ್ಮ ಅಕ್ಕತಂಗಿಯರಿಗೂ ಒಳ್ಳೆಯದು.

ಹಾಗಾದರೆ ಸರ್ಜನ್ನರ ಕೈಯಲ್ಲಿ ಏನೂ ಇಲ್ಲವೇ? ಇದೆ, ಅದೂ ಅಚ್ಚರಿಯದೇ. ತಾಯಿಯ ಗರ್ಭದಲ್ಲಿ ಆರನೇ ವಾರಕ್ಕೆ ಭ್ರೂಣದ ಕರುಳು ಹೊಟ್ಟೆಯಲ್ಲಿ ಜಾಗ ಸಾಲದೆ ಹೊಕ್ಕುಳಬಳ್ಳಿಯೊಳಕ್ಕೆ ಚಾಚಿಕೊಳ್ಳುತ್ತದೆ, ಹತ್ತನೇ ವಾರದ ಹೊತ್ತಿಗೆ ಒಟ್ಟು 270 ಡಿಗ್ರಿ ತಿರುಗಿ ಒಳಕ್ಕೆ ಬಂದು ನೆಲೆಯಾಗುತ್ತದೆ. ಆಗ ಕರುಳಿನ ಪೊರೆ ಹಿಂಬದಿಯ ಗೋಡೆಗೆ ಅಂಟಿಕೊಂಡು, ನಡುವೆ ರಕ್ತನಾಳಗಳಿಲ್ಲದ ತೆಳುವಾದ ಸಂದೊಂದು ಉಳಿಯುತ್ತದೆ. ಅರವತ್ತೆಪ್ಪತ್ತು ವರ್ಷ ಕಳೆದರೂ ಆ ಸಂದು ಅಲ್ಲೇ ಇರುತ್ತದೆ! ಜರ್ಮನಿಯ ಎರ್ಲಾಂಗನ್‌ನಲ್ಲಿ ವರ್ನರ್ ಹೋಹೆನ್‌ಬರ್ಗರ್ ಅದೇ ಸಂದಿನಲ್ಲಿ ಕತ್ತರಿ ಆಡಿಸಿ, ಪೊರೆ ಎಲ್ಲೂ ಹರಿಯದಂತೆ ಗಡ್ಡೆ, ಕೊಬ್ಬು, ಗ್ರಂಥಿ ಎಲ್ಲವನ್ನೂ ಒಂದೇ ಗಂಟಾಗಿ ಎತ್ತುವ ವಿಧಾನವನ್ನು ರೂಢಿಸಿದರು. 2009ರಲ್ಲಿ ಅವರು ಕೊಟ್ಟ ಲೆಕ್ಕದಂತೆ ಅಲ್ಲಿನ ಐದು ವರ್ಷಗಳ ಬದುಕುಳಿಯುವಿಕೆ ಶೇ. 82.1ರಿಂದ 89.1ಕ್ಕೆ ಏರಿತ್ತು. ಹೊಸ ಔಷಧಿಯಿಂದ ಇಷ್ಟು ಬಂದಿದ್ದರೆ ಷೇರುಪೇಟೆ ಕುಣಿದಾಡುತ್ತಿತ್ತು.

ಮಿಕ್ಕ ಸೂಚನೆಗಳನ್ನು ವೈದ್ಯರು ದಿನವೂ ತೂಗುತ್ತಾರೆ. ಕರುಳು ಕಟ್ಟಿಕೊಂಡು ಅಥವಾ ತೂತಾಗಿ ಅರ್ಧರಾತ್ರಿ ಎಮರ್ಜೆನ್ಸಿಯಲ್ಲಿ ಮಾಡಿದ ಆಪರೇಷನ್ನೇ, ನರದ ಗುಂಟ ಅಥವಾ ರಕ್ತನಾಳದೊಳಗೆ ಕ್ಯಾನ್ಸರ್ ತೆವಳಿದೆಯೇ, ಹೊಲಿದ ಕರುಳು ಸೋರಿತೇ, ರಕ್ತದಲ್ಲಿ ಸಿಇಎ ಎಂಬ ಗಡ್ಡೆಸೂಚಕ ಎಷ್ಟಿದೆ, ರೋಗಿ ಎಷ್ಟು ಸೊರಗಿದ್ದಾರೆ. ಒಂದೊಂದಕ್ಕೂ ಅದರದೇ ತೂಕ.

ಇನ್ನು ರಕ್ತದ ಕಥೆ. ಗಡ್ಡೆ ತೆಗೆದ ಮೇಲೂ ಕಣ್ಣಿಗೆ ಕಾಣದಷ್ಟು ಕ್ಯಾನ್ಸರ್ ಎಲ್ಲೋ ಉಳಿದಿದ್ದರೆ, ಸಾಯುವ ಕೋಶಗಳಿಂದ ಅದರ ಡಿಎನ್‌ಎ ಚೂರುಗಳು ರಕ್ತಕ್ಕೆ ಬೀಳುತ್ತಿರುತ್ತವೆ. ಆಸ್ಟ್ರೇಲಿಯಾದ ಜೀನ್ ಟೈ ಮತ್ತು ಸಂಗಡಿಗರು ಪ್ರತಿ ರೋಗಿಯ ಗಡ್ಡೆಯಲ್ಲಿ ಅವರದೇ ಆದ ಜೀನ್ ಬದಲಾವಣೆಯನ್ನು ಗುರುತಿಸಿಕೊಂಡು, ರಕ್ತದಲ್ಲಿ ಅದನ್ನೇ ಅರಸಿದರು. 2016ರಲ್ಲಿ ಅವರು ಪ್ರಕಟಿಸಿದ್ದನ್ನು ಓದಿ ಎಷ್ಟೋ ಜನ ಎರಡೆರಡು ಸಲ ಕಣ್ಣುಜ್ಜಿಕೊಂಡಿರಬೇಕು. ಕಿಮೋ ಪಡೆಯದ ಎರಡನೇ ಹಂತದವರಲ್ಲಿ ಆಪರೇಷನ್ ನಂತರ ರಕ್ತದಲ್ಲಿ ಆ ಚೂರು ಸಿಕ್ಕವರು 14 ಮಂದಿ, ಅವರಲ್ಲಿ 11 ಮಂದಿಗೆ ರೋಗ ಮರುಕಳಿಸಿತು. ಸಿಗದ 164 ಮಂದಿಯಲ್ಲಿ 16 ಜನಕ್ಕೆ. 2022ರ ಮುಂದಿನ ಪ್ರಯೋಗದಲ್ಲಿ ಈ ಪರೀಕ್ಷೆ ನೋಡಿಯೇ ಕಿಮೋ ತೀರ್ಮಾನಿಸಿದಾಗ, ಕಿಮೋ ಪಡೆದವರ ಪ್ರಮಾಣ ಶೇ. 28ರಿಂದ 15ಕ್ಕೆ ಇಳಿಯಿತು. ರೋಗ ಮರುಕಳಿಸದೆ ಎರಡು ವರ್ಷ ಕಳೆದವರು ಪರೀಕ್ಷೆ ನೋಡಿ ತೀರ್ಮಾನಿಸಿದ, ನೋಡದೆ ತೀರ್ಮಾನಿಸಿದ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಅಷ್ಟು ಜನಕ್ಕೆ ಕಿಮೋದ ಸಂಕಟ ತಪ್ಪಿತು.

ಇಲ್ಲಿಯವರೆಗಿನದೆಲ್ಲ ಮುಂದೇನಾಗಬಹುದೆಂದು ಹೇಳುವ ಸೂಚನೆಗಳು. ರೋಗಿ ತಾನೇ ಬದಲಿಸಬಹುದಾದದ್ದು ಏನಾದರೂ ಇದೆಯೇ?

2025ರಲ್ಲಿ ಎರಡು ಉತ್ತರ ಬಂದವು. ಒಂದು ಸ್ಕ್ಯಾಂಡಿನೇವಿಯಾ ಕಡೆಯಿಂದ. ಸ್ವೀಡನ್ನಿನ ಅನ್ನಾ ಮಾರ್ಟ್ಲಿಂಗ್ ನೇತೃತ್ವದ ತಂಡ, ಪಿಐ3ಕೆ ಎಂಬ ಜೀನ್ ದಾರಿಯಲ್ಲಿ ಬದಲಾವಣೆ ಇದ್ದ ರೋಗಿಗಳಿಗೆ ಮೂರು ವರ್ಷ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಿತು. ಮುಖ್ಯ ಗುಂಪಿನಲ್ಲಿ ಮರುಕಳಿಕೆ ಶೇ. 14.1ರ ಬದಲು 7.7. ಕರುಳಿನ ಕ್ಯಾನ್ಸರಿನವರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಈ ಬದಲಾವಣೆ ಇರುತ್ತದೆ. ಜೀನ್ ನೋಡದೆ ಎಲ್ಲರಿಗೂ ಆಸ್ಪಿರಿನ್ ಕೊಟ್ಟ ಬೇರೊಂದು ಪ್ರಯೋಗದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ರಕ್ತಸ್ರಾವದ ಅಪಾಯವೂ ಇರುವುದರಿಂದ ಮೆಡಿಕಲ್ ಸ್ಟೋರಿಗೆ ಓಡುವ ಮೊದಲು ಡಾಕ್ಟರನ್ನು ಕೇಳಬೇಕು.

ಇನ್ನೊಂದು ಉತ್ತರಕ್ಕೆ ಮಾತ್ರೆಯೂ ಬೇಡ. ಕೆನಡಾದ ಕೆರಿ ಕೋರ್ನಿಯಾ, ಕ್ರಿಸ್ಟೊಫರ್ ಬೂತ್ ಮತ್ತಿತರರು 2009ರಲ್ಲೇ ಶುರುಮಾಡಿದ ‘ಚಾಲೆಂಜ್’ ಎಂಬ ಪ್ರಯೋಗ. ಆಪರೇಷನ್ ಮತ್ತು ಕಿಮೋ ಎರಡೂ ಮುಗಿಸಿದ 889 ರೋಗಿಗಳು, ಹೆಚ್ಚಿನವರು ಕೆನಡಾ, ಆಸ್ಟ್ರೇಲಿಯಾದವರು. ಅರ್ಧದಷ್ಟು ಜನರಿಗೆ ಮೂರು ವರ್ಷ ತರಬೇತುದಾರರ ಬೆಂಬಲದಲ್ಲಿ ವ್ಯಾಯಾಮ. ಜಿಮ್ಮೇ ಆಗಬೇಕಿರಲಿಲ್ಲ, ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಚುರುಕಾಗಿ ನಡೆದರೂ ಗುರಿ ಮುಟ್ಟುತ್ತಿತ್ತು. ಇನ್ನರ್ಧಕ್ಕೆ ಆರೋಗ್ಯದ ಬಗ್ಗೆ ಕಿರುಪುಸ್ತಕ. ಎಂಟು ವರ್ಷಗಳ ಕೊನೆಗೆ ಬದುಕಿದ್ದವರು ಪುಸ್ತಕದ ಗುಂಪಿನಲ್ಲಿ ಶೇ. 83.2, ವ್ಯಾಯಾಮದ ಗುಂಪಿನಲ್ಲಿ ಶೇ. 90.3. ಕೆಲವು ಕಿಮೋ ಔಷಧಿಗಳು ಇದಕ್ಕಿಂತ ಕಡಿಮೆ ಲಾಭಕ್ಕೇ ಮಾನ್ಯತೆ ಪಡೆದಿವೆ!

ಈ ಫಲಿತಾಂಶವನ್ನು ‘ನಡೆಯಿರಿ, ಬದುಕಿರಿ’ ಎಂದು ಓದಿದರೆ ಅರ್ಧ ಓದಿದಂತೆ. ಮೊದಲ ಆರು ತಿಂಗಳು ಪ್ರತಿ ಹದಿನೈದು ದಿನಕ್ಕೊಮ್ಮೆ ತರಬೇತುದಾರರು ರೋಗಿಯನ್ನು ಕೂರಿಸಿ ಮಾತಾಡುತ್ತಿದ್ದರು, ಎದುರಿಗೇ ವ್ಯಾಯಾಮ ಮಾಡಿಸುತ್ತಿದ್ದರು, ಮಂಡಿ ನೋವೆಂದರೆ ಬೇರೆ ದಾರಿ ಹುಡುಕುತ್ತಿದ್ದರು. ಪುಸ್ತಕದ ಗುಂಪಿನವರಿಗೂ ವ್ಯಾಯಾಮ ಒಳ್ಳೆಯದೆಂದು ಗೊತ್ತಿತ್ತು. ಕೈಹಿಡಿದು ನಡೆಸುವವರು ಇರಲಿಲ್ಲ, ಅಷ್ಟೇ. ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ ‘ದಿನಾ ವಾಕಿಂಗ್’ ಎಂದು ಗೀಚಿ ಕಳಿಸುವುದು ನಮ್ಮಲ್ಲಿ ರೂಢಿ. ಪ್ರಯೋಗದ ಲೆಕ್ಕದಲ್ಲಿ ಅದು ಪುಸ್ತಕದ ಗುಂಪಿಗೆ ಸೇರುತ್ತದೆ.